ಪ್ರಾಜೆಕ್ಟ್ ಮುಗಿಯಿತು ಅನ್ನುವುದು ಯಾವಾಗ? ‘ಭೂಮಿ’ಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಠ್ಯದಲ್ಲಿ ಐದು ಹಂತಗಳ ಹೆಸರು ಬರುತ್ತವೆ: ಆರಂಭ, ಯೋಜನೆ, ಅನುಷ್ಠಾನ, ಉಸ್ತುವಾರಿ, ಮುಕ್ತಾಯ. ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ಆದರೆ ‘ಉದಾಹರಣೆ ಸಹಿತ ವಿವರಿಸಿ’ ಅನ್ನುವ ಪ್ರಶ್ನೆ ಬಂದಾಗ ಪೆನ್ನು ನಿಂತುಬಿಡುತ್ತದೆ. ಅದಕ್ಕೇ ನಾನು ಒಂದೇ ಪ್ರಾಜೆಕ್ಟನ್ನು ಹಿಡಿದು ಐದನ್ನೂ ಅದರಲ್ಲೇ ಹುಡುಕಿದೆ. ಅದು ಕರ್ನಾಟಕದ ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’. ಕಂದಾಯ ಇಲಾಖೆ ನಡೆಸಿದ ಪ್ರಾಜೆಕ್ಟ್ ಇದು, ಸಾಫ್ಟ್‌ವೇರ್ ಬರೆದದ್ದು ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. 2002ರ ಹೊತ್ತಿಗೆ 177 ತಾಲ್ಲೂಕು ಕೇಂದ್ರಗಳಲ್ಲಿ ಕೆಲಸ ನಡೆಯುತ್ತಿತ್ತು.

ಓದುತ್ತಾ ಹೋದಂತೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಐದನೆಯ ಹಂತದ ಉತ್ತರವನ್ನು ಮೊದಲನೆಯ ಹಂತದಲ್ಲೇ ಬರೆದಿಡಬೇಕು. ‘ಯಾವುದು ಆದರೆ ಈ ಕೆಲಸ ಮುಗಿದಂತೆ?’ ಅನ್ನುವುದನ್ನು ಮೊದಲ ದಿನವೇ ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭೂಮಿಗೂ ಹಿಂದಿನ ಪ್ರಯತ್ನವೇ ಸಾಕ್ಷಿ.

ಭೂದಾಖಲೆಗಳನ್ನು ಕಂಪ್ಯೂಟರೀಕರಿಸುವ ಕೇಂದ್ರದ ಯೋಜನೆ ಕರ್ನಾಟಕದಲ್ಲಿ 1991ರಲ್ಲೇ ಶುರುವಾಗಿತ್ತು. ಆದರೆ ಆ ಯೋಜನೆಯಲ್ಲಿ ತಾಲ್ಲೂಕು ಮಟ್ಟಕ್ಕೆ ಕಂಪ್ಯೂಟರ್ ಕೊಡುವ ಏರ್ಪಾಡೇ ಇರಲಿಲ್ಲ. ಪಹಣಿ ತಿದ್ದುವುದು, ಖಾತೆ ಬದಲಾಯಿಸುವುದು ಎಲ್ಲವೂ ತಾಲ್ಲೂಕಿನಲ್ಲಿ ಮತ್ತು ಗ್ರಾಮ ಲೆಕ್ಕಿಗರ ಕೈಯಲ್ಲಿ. ಹೀಗಿರುವಾಗ ಎಷ್ಟೇ ದಾಖಲೆ ಟೈಪ್ ಮಾಡಿದರೂ ಊರಿನಲ್ಲಿ ಒಬ್ಬ ಜಮೀನು ಮಾರಿದ ದಿನವೇ ಕಂಪ್ಯೂಟರಿನ ಪಹಣಿ ಹಳತಾಗುತ್ತದೆ. ಡೇಟಾ ಎಂಟ್ರಿ ಮುಗಿಸುವುದೇ ಗುರಿಯಾದರೆ ಆ ಪ್ರಾಜೆಕ್ಟ್ ಮುಗಿದಂತೆ ಕಾಣುತ್ತದೆ, ರೈತನಿಗೆ ಮಾತ್ರ ಏನೂ ಸಿಗುವುದಿಲ್ಲ.

ಇಲ್ಲಿ ಪರೀಕ್ಷೆಗೆ ಬೇಕಾದ ಮಾತು ‘ಸ್ಕೋಪ್’, ಅಂದರೆ ಪ್ರಾಜೆಕ್ಟಿನ ವ್ಯಾಪ್ತಿ. ಸ್ಕೋಪ್ ಅಂದರೆ ಫೀಚರ್‌ಗಳ ಪಟ್ಟಿ ಎಂದು ಬರೆದು ಬಿಡಬೇಡಿ. ದಾಖಲೆ ಎಲ್ಲಿ ಹುಟ್ಟುತ್ತದೆ, ಯಾರು ತಿದ್ದುತ್ತಾರೆ, ಯಾರ ಸಹಿಗೆ ಬೆಲೆಯಿದೆ ಅನ್ನುವುದೂ ಸ್ಕೋಪಿನ ಒಳಗೇ ಬರಬೇಕು. ಭೂಮಿ ತಾಲ್ಲೂಕು ಕಚೇರಿಯನ್ನೇ ಕೇಂದ್ರ ಮಾಡಿಕೊಂಡಿತು. ಕೈಬರಹದ ಪಹಣಿಗೆ ಇನ್ನು ಕಾನೂನಿನ ಮಾನ್ಯತೆ ಇಲ್ಲ ಎಂದು ಆದೇಶವೂ ಆಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಾಜೆಕ್ಟಿನ ತಿರುಳು ಅದೇ. ಹಳೆಯದೂ ಹೊಸದೂ ಎರಡೂ ನಡೆಯುತ್ತಿದ್ದರೆ ಜನ ಹಳೆಯದಕ್ಕೇ ಮರಳುತ್ತಾರೆ.

ಸ್ಟೇಕ್‌ಹೋಲ್ಡರ್, ಅಂದರೆ ಪ್ರಾಜೆಕ್ಟಿನಿಂದ ಲಾಭವೋ ನಷ್ಟವೋ ಆಗುವವರ ಪಟ್ಟಿ ಮಾಡುವಾಗಲೂ ಇದೇ ಎಚ್ಚರ ಬೇಕು. ರೈತ, ತಹಶೀಲ್ದಾರ್, ಬ್ಯಾಂಕು ಎಂದು ಬರೆಯುತ್ತೇವೆ. ಸುಮಾರು 9,000 ಗ್ರಾಮ ಲೆಕ್ಕಿಗರನ್ನು ಎಲ್ಲಿ ಇಡುತ್ತೀರಿ? ಒಬ್ಬೊಬ್ಬರೂ ಮೂರು ನಾಲ್ಕು ಹಳ್ಳಿಗಳ ಪುಸ್ತಕ ಇಟ್ಟುಕೊಂಡವರು. ಪ್ರಾಜೆಕ್ಟ್ ಬಂದರೆ ಅವರ ಅಧಿಕಾರ ಕಡಿಮೆಯಾಗುತ್ತದೆ, ಅವರಿಲ್ಲದೆ ಡೇಟಾ ಪರಿಶೀಲನೆಯೂ ಆಗುವುದಿಲ್ಲ. ಕಳೆದುಕೊಳ್ಳುವವರೂ ಬೇಕಾದವರೂ ಒಬ್ಬರೇ ಆದಾಗ ರಿಸ್ಕ್ ರಿಜಿಸ್ಟರಿನ (ಏನೇನು ಕೆಡಬಹುದು ಎಂದು ಬರೆದಿಡುವ ಪಟ್ಟಿಯ) ಮೊದಲ ಸಾಲಿನಲ್ಲಿ ಅವರೇ ಇರಬೇಕು.

ಇನ್ನು ಅಂದಾಜು. ಇದನ್ನು ಕೈಯಾರೆ ಮಾಡಿ ನೋಡಿದರೆ ಮಾತ್ರ ಅರ್ಥವಾಗುತ್ತದೆ. ಮುಂದಿನ ದರಗಳು ಅಭ್ಯಾಸಕ್ಕಾಗಿ ನಾನೇ ಇಟ್ಟುಕೊಂಡವು, ಪ್ರಾಜೆಕ್ಟಿನ ನಿಜವಾದ ಅಂಕಿಗಳಲ್ಲ. ಒಬ್ಬ ಆಪರೇಟರ್ ದಿನಕ್ಕೆ 40 ಪಹಣಿ ಟೈಪ್ ಮಾಡಿದರೆ 2 ಕೋಟಿಗೆ 5 ಲಕ್ಷ ಆಳು-ದಿನ ಬೇಕು. 1,000 ಆಪರೇಟರ್‌ಗಳಿದ್ದರೆ 500 ದಿನ. ತಿಂಗಳಿಗೆ 25 ಕೆಲಸದ ದಿನ ಹಿಡಿದರೂ 20 ತಿಂಗಳು. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಟೈಪ್ ಆದ ಹಾಳೆಯನ್ನು ಮೂಲ ಪುಸ್ತಕದೊಂದಿಗೆ ತಾಳೆ ನೋಡಬೇಕು, ತಪ್ಪಿದ್ದನ್ನು ತಿದ್ದಬೇಕು, ತಿದ್ದಿದ್ದನ್ನು ಮತ್ತೆ ನೋಡಬೇಕು. ಅಷ್ಟರಲ್ಲಿ ಊರಿನಲ್ಲಿ ಪಾಲು, ಕ್ರಯ, ಪೌತಿ ಖಾತೆ ನಡೆಯುತ್ತಲೇ ಇರುತ್ತವೆ. ಅಂದರೆ ಎಣಿಸುವಾಗಲೇ ರಾಶಿ ಬದಲಾಗುತ್ತಿರುತ್ತದೆ. ‘ಇಂತಹ ದಿನದಿಂದ ಪುಸ್ತಕದಲ್ಲಿ ಬರೆಯುವುದು ನಿಲ್ಲಬೇಕು’ ಅನ್ನುವ ದಿನಾಂಕ ತಾಲ್ಲೂಕುವಾರು ಬೇಕಾಗುವುದು ಅದಕ್ಕೇ.

ಅನುಷ್ಠಾನದ ಬಗ್ಗೆ ಪುಸ್ತಕ ಪುಟಗಟ್ಟಲೆ ಬರೆಯುತ್ತದೆ. ನಾನು ಒಂದೇ ಟೆಸ್ಟ್ ಕೇಸನ್ನು ತೋರಿಸುತ್ತೇನೆ. ಒಂದು ಸರ್ವೆ ನಂಬರಿನ ವಿಸ್ತೀರ್ಣ 2 ಎಕರೆ 17 ಗುಂಟೆ. ಪಹಣಿಯಲ್ಲಿ ಅದನ್ನು 2-17 ಎಂದು ಬರೆಯುತ್ತಾರೆ. ಮೂವರು ಅಣ್ಣತಮ್ಮಂದಿರಿಗೆ ಪಾಲಾಯಿತು ಅನ್ನಿ: 0-32, 0-32, 0-33. ಊರಿನ ಯಾವ ಹಿರಿಯರನ್ನು ಕೇಳಿದರೂ ಸರಿ ಅನ್ನುತ್ತಾರೆ, ಏಕೆಂದರೆ 40 ಗುಂಟೆಗೆ ಒಂದು ಎಕರೆ, 97 ಗುಂಟೆ ಅಂದರೆ 2-17. ಆದರೆ ಪ್ರೋಗ್ರಾಮರ್ ವಿಸ್ತೀರ್ಣವನ್ನು 2.17 ಎಂದು ದಶಮಾಂಶ ಸಂಖ್ಯೆಯಾಗಿ ಇಟ್ಟಿದ್ದರೆ? ಮೂರು ಪಾಲು ಕೂಡಿದಾಗ 0.97 ಬರುತ್ತದೆ, 2.17ರಲ್ಲಿ 1.20 ಎಕರೆ ಜಮೀನು ಪರದೆಯಿಂದ ಮಾಯವಾಗುತ್ತದೆ! ಎಕರೆ, ಗುಂಟೆ, ಆಣೆ (ಗುಂಟೆಯ ಹದಿನಾರನೆಯ ಒಂದು ಪಾಲು) ಬೇರೆ ಬೇರೆ ಇರಬೇಕು, ಗುಂಟೆಯ ಜಾಗದಲ್ಲಿ 39ಕ್ಕಿಂತ ಹೆಚ್ಚು ಬಂದರೆ ತಡೆಯಬೇಕು, ಹಿಸ್ಸಾಗಳ ಮೊತ್ತ ಸರ್ವೆ ನಂಬರಿನ ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಈ ಮೂರು ನಿಯಮ ಯಾವ ಕೋಡಿಂಗ್ ಪುಸ್ತಕದಲ್ಲೂ ಸಿಗುವುದಿಲ್ಲ. ಪಹಣಿ ಬರೆದು ಬಲ್ಲವರ ಪಕ್ಕ ಕೂತು ಕೇಳಿದರೆ ಸಿಗುತ್ತವೆ. ರಿಕ್ವೈರ್‌ಮೆಂಟ್ (ಬೇಕು-ಬೇಡಗಳ) ಸಂಗ್ರಹ ಅನ್ನುವ ದೊಡ್ಡ ಮಾತಿನ ಅರ್ಥ ಇಷ್ಟೇ ಎಂದು ನನಗೆ ಈ ಲೆಕ್ಕ ಬಿಡಿಸಿದ ಮೇಲೇ ಹೊಳೆದದ್ದು.

ಉಸ್ತುವಾರಿಯನ್ನು ನಾಲ್ಕನೆಯ ಹಂತ ಎಂದು ಬರೆದರೂ ಅದು ಮೊದಲಿನಿಂದ ಕೊನೆಯವರೆಗೆ ಜೊತೆಗೇ ನಡೆಯುವ ಕೆಲಸ. ಬಜೆಟ್, ವೇಳಾಪಟ್ಟಿಯ ವಿವರ ನಿಮ್ಮ ಪಠ್ಯದಲ್ಲೇ ಚೆನ್ನಾಗಿದೆ. ಭೂಮಿಯಲ್ಲಿ ನನಗೆ ಇಷ್ಟವಾದದ್ದು ನಿಯಂತ್ರಣವನ್ನು ಸಾಫ್ಟ್‌ವೇರಿನೊಳಗೇ ಕಟ್ಟಿದ ರೀತಿ. ಆಪರೇಟರ್ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು, ಹಾಗಾಗಿ ‘ತಿದ್ದಿದ್ದು ನಾನಲ್ಲ’ ಅನ್ನುವ ಹಾಗಿಲ್ಲ. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲ ಸರದಿ, ಮಧ್ಯೆ ಯಾರನ್ನೂ ನುಗ್ಗಿಸಲು ಬರುತ್ತಿರಲಿಲ್ಲ. ಪಹಣಿ ಕೊಡುವ ಕಿಯೋಸ್ಕಿನಲ್ಲಿ ಎರಡನೆಯ ಪರದೆಯೊಂದು ರೈತನ ಕಡೆಗೆ ಮುಖ ಮಾಡಿತ್ತು. 15 ರೂಪಾಯಿ ಕೊಟ್ಟು ನಿಂತವನಿಗೆ ತನ್ನ ಹೆಸರು, ತಂದೆಯ ಹೆಸರು, ವಿಸ್ತೀರ್ಣ ಕಣ್ಣಿಗೆ ಬೀಳುತ್ತಿತ್ತು. ಆ ಒಂದು ಪರದೆಯ ಬೆಲೆಯನ್ನು ಯಾವ ಲೆಕ್ಕದ ಹಾಳೆಯೂ ಸರಿಯಾಗಿ ಹಿಡಿಯಲಾರದು ಎಂದು ನಾನು ನಂಬುತ್ತೇನೆ.

ಈಗ ಮುಕ್ತಾಯ. ನನ್ನ ಮೊದಲ ಕೆಲಸದಲ್ಲಿ ನಾವೊಂದು ಸಣ್ಣ ಸಂಸ್ಥೆಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟಿದ್ದೆವು. ಗೋ-ಲೈವ್ ಆಯಿತು, ಅಂದರೆ ತಂತ್ರಾಂಶ ಬಳಕೆಗೆ ಬಂತು, ಸಿಹಿ ಹಂಚಿದೆವು. ಆದರೆ ಸೈನ್ ಆಫ್, ಅಂದರೆ ‘ಕೆಲಸ ಮುಗಿದಿದೆ’ ಎಂಬ ಒಪ್ಪಿಗೆಯ ಸಹಿ, ಯಾರು ಹಾಕಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಎಂಟು ತಿಂಗಳು ‘ಇದೊಂದು ಮಾಡಿಕೊಡಿ’ ಅನ್ನುವ ಫೋನು ನಿಲ್ಲಲಿಲ್ಲ, ಕೊನೆಯ ಕಂತಿನ ಹಣವೂ ಬರಲಿಲ್ಲ. ಅಲ್ಲಿನ ಗುಮಾಸ್ತರು ಮಾತ್ರ ನಮ್ಮ ತಂತ್ರಾಂಶದ ಪಕ್ಕದಲ್ಲೇ ಕೆಂಪು ಬೈಂಡಿನ ಲೆಡ್ಜರ್ ಇಟ್ಟುಕೊಂಡು ಎರಡರಲ್ಲೂ ಬರೆಯುತ್ತಿದ್ದರು. ಆ ಲೆಡ್ಜರ್ ಮುಚ್ಚುವ ದಿನ ಯಾವುದು ಎಂದು ನಾವು ಮೊದಲೇ ಕೇಳಿರಲಿಲ್ಲ.

ಆದ್ದರಿಂದ ಮುಕ್ತಾಯದ ಉತ್ತರ ಬರೆಯುವಾಗ ಸೈನ್ ಆಫ್ ಜೊತೆಗೆ ಹಸ್ತಾಂತರವನ್ನೂ ಬಿಡಿಸಿ ಬರೆಯಿರಿ. ಮರುದಿನ ಬೆಳಿಗ್ಗೆ ಸರ್ವರ್ ಆನ್ ಮಾಡುವವರು ಯಾರು, ಬ್ಯಾಕಪ್ ಯಾರ ಕೈಯಲ್ಲಿ, ತಪ್ಪು ಕಂಡರೆ ರೈತ ಯಾರ ಬಳಿ ಹೋಗಬೇಕು, ತರಬೇತಿ ಪಡೆದವರು ವರ್ಗವಾದರೆ ಮುಂದೇನು. ಉಳಿದ ಬೇಡಿಕೆಗಳನ್ನು ಎಳೆಯದೆ ಮುಂದಿನ ಪ್ರಾಜೆಕ್ಟಿಗೆ ದಾಟಿಸುವುದೂ ಇದರಲ್ಲೇ ಬರುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಜೊತೆ ಭೂಮಿಗೆ ಕೊಂಡಿ ಬಿದ್ದದ್ದು ಆಮೇಲಿನ ಮಾತು. ಕ್ರಯಪತ್ರವೂ ಪಹಣಿಯೂ ಒಂದಕ್ಕೊಂದು ಮಾತಾಡಬೇಕು ಅನ್ನುವುದು ಬಹಳ ನ್ಯಾಯವಾದ ಬೇಡಿಕೆಯೇ. ಆದರೂ ಮೊದಲ ದಿನವೇ ಅದನ್ನೂ ಹೊತ್ತುಕೊಂಡಿದ್ದರೆ ಪಹಣಿಯೇ ಹೊರಬರುವುದು ಕಷ್ಟವಿತ್ತು.

ಹಳೆಯ ಕೈಬರಹದ ಪುಸ್ತಕಗಳನ್ನು ಯಾರೂ ಎಸೆಯಲಿಲ್ಲ. ಅವು ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿಗೆ ಸೇರಿದವು. ಅಜ್ಜನ ಕಾಲದ ಪಾಲಿನ ತಕರಾರು ಬಂದರೆ ಇವತ್ತಿಗೂ ಆ ಪುಸ್ತಕಗಳ ನಕಲೇ ಬೇಕು. ಆ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಪುಟ ಪುಟವಾಗಿ ಸ್ಕ್ಯಾನ್ ಮಾಡುವ ಕೆಲಸ ಈಚೆಗೆ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಬೇರೆಯೇ ಪ್ರಾಜೆಕ್ಟಾಗಿ ನಡೆಯುತ್ತಿದೆ.