ದೀಪ ಆರಿಸಿದ ಮೇಲೆ ಉಳಿದದ್ದು

ಹಾವೇರಿಯಿಂದ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದರೆ ಅಮ್ಮ ಮೊದಲು ಮಾಡುವ ಕೆಲಸ ಕೋಣೆಕೋಣೆಗೆ ಹೋಗಿ ದೀಪ ಆರಿಸುವುದು. 60 ವ್ಯಾಟಿನ ಬುರುಡೆ ಬಲ್ಬುಗಳ ಕಾಲದ ರೂಢಿ ಅದು. ಆ ಬಲ್ಬು ಎಳೆದ ಕರೆಂಟಿನ ಬಹುಪಾಲು ಬರೀ ಶಾಖವಾಗಿ ಹೋಗುತ್ತಿತ್ತು, ಹಾಗಾಗಿ ಆರಿಸಿದ್ದೆಲ್ಲ ನಿಜವಾದ ಉಳಿತಾಯವೇ. ಈಗ ಅಲ್ಲಿರುವುದು 9 ವ್ಯಾಟಿನ ಎಲ್‌ಇಡಿ. ಅದನ್ನೂ ಆರಿಸಬೇಕು, ಸರಿ. ಆದರೆ ಕರೆಂಟು ಹೋಗುತ್ತಿರುವುದು ತಲೆಯ ಮೇಲೆ, ಫ್ಯಾನಿಗೆ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಮುಂಬಯಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಮೈಗೆ ಅಂಟಿ ನಿಂತ ಆ ತೇವದ ಗಾಳಿಯನ್ನು ಸರಿಸಿ ಬೆವರು ಆರಲು ಬಿಡುವುದಷ್ಟೇ ಫ್ಯಾನಿನ ಕೆಲಸ. ಅದಕ್ಕೇ ಇಲ್ಲಿ ಫ್ಯಾನು ದಿನಕ್ಕೆ ಹದಿನೈದು ಗಂಟೆ ತಿರುಗುತ್ತದೆ.

ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಅದರ ಮೋಟರಿನಲ್ಲಿ ತಿರುಗುವ ಭಾಗಕ್ಕೆ ಸ್ವಂತ ಅಯಸ್ಕಾಂತವಿಲ್ಲ. ಅಲ್ಲೂ ಕರೆಂಟು ಹುಟ್ಟಿಸಿಯೇ ಕಾಂತಶಕ್ತಿ ತರಬೇಕು, ಆ ದಾರಿಯಲ್ಲಿ ಒಂದಷ್ಟು ಶಾಖವಾಗಿ ಸೋರುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿನ ಫ್ಯಾನಿನಲ್ಲಿ ಕಾಯಂ ಅಯಸ್ಕಾಂತವೇ ಕೂತಿರುತ್ತದೆ, 30 ವ್ಯಾಟ್ ಸಾಕು. ಹದಿನೈದು ಗಂಟೆಗೆ ಉಳಿಯುವುದು 0.675 ಯೂನಿಟ್. ಅಷ್ಟರಲ್ಲಿ ಆ ಎಲ್‌ಇಡಿ 75 ಗಂಟೆ ಉರಿಯುತ್ತದೆ! ವರ್ಷವಿಡೀ ಹೀಗೇ ತಿರುಗಿದರೆ ಒಂದು ಫ್ಯಾನಿಗೆ ಸುಮಾರು 246 ಯೂನಿಟ್ ಉಳಿತಾಯ. ನಮ್ಮ ಗ್ರಿಡ್ಡಿನ ಕರೆಂಟು ಇಂದಿಗೂ ಹೆಚ್ಚಾಗಿ ಕಲ್ಲಿದ್ದಲಿನದು, ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್. ಲೆಕ್ಕ ಹಾಕಿ, 170 ಕಿಲೋ ದಾಟುತ್ತದೆ.

ಎಸಿ ಇರುವವರೂ ಫ್ಯಾನು ಹಾಕಿ 26ಕ್ಕೆ ಇಟ್ಟು ನೋಡಲಿ. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಕೋಣೆಯ ಗಾಳಿಯ ತೇವವೇ. ಅದನ್ನು ಹಿಂಡಿ ತೆಗೆಯಲೂ ಕರೆಂಟು ಬೇಕು.

ಇಷ್ಟು ಗೊತ್ತಿದ್ದೂ ಜನ ಫ್ಯಾನು ಬದಲಿಸುವುದಿಲ್ಲ, ಯಾಕೆಂದರೆ ಬೆಲೆ ಹೆಚ್ಚು. ಇದಕ್ಕೆ ದಾರಿ ಮುಂಬಯಿಯಲ್ಲೇ ಇದೆ. 1975ರಲ್ಲಿ ಹುಟ್ಟಿದ ಮುಂಬಯಿ ಗ್ರಾಹಕ ಪಂಚಾಯತ್, ನೆರೆಹೊರೆಯವರು ಗುಂಪು ಕಟ್ಟಿಕೊಂಡು ದಿನಸಿಯನ್ನು ಒಟ್ಟಿಗೆ ತರಿಸಿಕೊಳ್ಳುವುದನ್ನು ಕಲಿಸಿತು. ಅದೇ ಧೈರ್ಯದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಎಂಟು ಮನೆಯವರು ಒಟ್ಟಾಗಿ ಅಂಗಡಿಗೆ ಹೋದೆವು. ಒಂದು ಫ್ಯಾನಿಗೆ ಬಗ್ಗದ ಅಂಗಡಿಯವರು ಇಪ್ಪತ್ತಕ್ಕೆ ದರ ಇಳಿಸಿದರು.

ಬಾಡಿಗೆಯವರದೇ ಕಷ್ಟ. ಫ್ಯಾನು ಹಾಕಿಸುವವರು ಮಾಲೀಕರು, ಅಗ್ಗದ್ದನ್ನೇ ಹಾಕಿಸುತ್ತಾರೆ. ಬಿಲ್ಲು ಕಟ್ಟುವವರು ಇವರು. ಮೂರನೇ ಮಹಡಿಯ ಧಾರವಾಡದ ಅಕ್ಕ ಮಾಲೀಕರ ಫ್ಯಾನುಗಳನ್ನು ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ತಮ್ಮವನ್ನು ತೂಗುಹಾಕಿಸಿಕೊಂಡಿದ್ದಾರೆ. ಮನೆ ಬಿಡುವ ದಿನ ಅವನ್ನು ಮತ್ತೆ ಹಾಕಿಸಿ, ತಮ್ಮವನ್ನು ಜೊತೆಗೆ ಒಯ್ಯುತ್ತಾರಂತೆ.