ಟವರ್ ಫುಲ್ ಇದ್ದರೂ ನೆಟ್ ಯಾಕಿಲ್ಲ?

ಶನಿವಾರ ಬಂತೆಂದರೆ ಮೂಡಿಗೆರೆ, ಆಲ್ದೂರು ಕಡೆಯ ಹೋಂಸ್ಟೇಗಳಿಂದ ನನಗೆ ಒಂದೇ ದೂರು. "ಟವರ್ ಫುಲ್ ತೋರಿಸ್ತಿದೆ ಸಾರ್, ನೆಟ್ ಮಾತ್ರ ಓಡ್ತಿಲ್ಲ. ಬೂಸ್ಟರ್ ಹಾಕಿಸಿಬಿಡ್ಲಾ?" ದಯವಿಟ್ಟು ಬೇಡ. (ಬೂಸ್ಟರ್ ಅಂದರೆ ಹೊರಗೊಂದು, ಒಳಗೊಂದು ಆಂಟೆನಾ ಇಟ್ಟು, ಟವರು ಮತ್ತು ಫೋನಿನ ಸಿಗ್ನಲ್ಲನ್ನು ಜೋರು ಮಾಡಿ ದಾಟಿಸುವ ಪೆಟ್ಟಿಗೆ.)

ಫೋನಿನ ಕಡ್ಡಿಗಳು ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಅಂತ ಮಾತ್ರ. ನಿಮ್ಮ ಪಾಲಿಗೆ ಎಷ್ಟು ಸಿಗುತ್ತದೆ ಅಂತಲ್ಲ. 4ಜಿಯಲ್ಲಿ ತರಂಗಾಂತರವನ್ನು 180 ಕಿಲೋಹರ್ಟ್ಸ್ ಅಗಲದ ತುಂಡುಗಳಾಗಿ ಮಾಡಿರುತ್ತಾರೆ. ಯಾವ ಫೋನಿಗೆ ಎಷ್ಟು ತುಂಡು ಅಂತ ಟವರು ಪ್ರತಿ ಮಿಲಿಸೆಕೆಂಡಿಗೂ ಹಂಚುತ್ತದೆ. 10 ಮೆಗಾಹರ್ಟ್ಸ್ ಇದ್ದರೆ 50 ತುಂಡು, ಅಷ್ಟೇ. ಬೆಂಗಳೂರಿಂದ ಬಂದವರೆಲ್ಲ ಮುಳ್ಳಯ್ಯನಗಿರಿಯ ವಿಡಿಯೊ ಕಳಿಸುತ್ತಾ ಕೂತರೆ ಪಾಲು ಚಿಕ್ಕದಾಗುತ್ತದೆ, ಅಲ್ವಾ? 4ಜಿ, 5ಜಿ ಎರಡಕ್ಕೂ ಒಂದೇ ಬ್ಯಾಂಡನ್ನು, ಅಂದರೆ ತರಂಗಾಂತರದ ಒಂದೇ ಪಟ್ಟಿಯನ್ನು, ಹಂಚುವ ಡೈನಾಮಿಕ್ ಸ್ಪೆಕ್ಟ್ರಮ್ ಶೇರಿಂಗ್ ಕೂಡ ಹೀಗೇ. ಅದು ಇದ್ದದ್ದನ್ನೇ ಬೇಡಿಕೆ ನೋಡಿ ಹಂಚುತ್ತದೆ, ಹೊಸ ಜಾಗ ಹುಟ್ಟಿಸುವುದಿಲ್ಲ.

ಈಗ ಬೂಸ್ಟರ್. ಸಾಮಾನ್ಯ 4ಜಿ ಫೋನು ಹೊರಡಿಸುವುದು ಹೆಚ್ಚೆಂದರೆ 200 ಮಿಲಿವ್ಯಾಟ್. ಅದನ್ನೂ ಕಡಿಮೆ ಮಾಡು, ಜಾಸ್ತಿ ಮಾಡು ಅಂತ ಟವರೇ ಹೇಳುತ್ತಿರುತ್ತದೆ. ಫೋನು ಕೇಳುತ್ತದೆ. ಸಂತೆಯಲ್ಲಿ ಸಿಗುವ ಅಗ್ಗದ ಬೂಸ್ಟರ್ ಕೇಳುವುದಿಲ್ಲ. ಅದು ಇಡೀ ಬ್ಯಾಂಡನ್ನು, ಜೊತೆಗೆ ತನ್ನದೇ ಗದ್ದಲವನ್ನೂ, ಹಗಲೂ ರಾತ್ರಿ ಟವರಿನತ್ತ ದೂಡುತ್ತದೆ. ಹೊರಗಿನ, ಒಳಗಿನ ಆಂಟೆನಾ ಹತ್ತಿರ ಇದ್ದರಂತೂ ಜಾತ್ರೆಯ ಮೈಕು ಕೀರಿದ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಆಗ ದೂರದ ಫೋನುಗಳ ಸಣ್ಣ ದನಿ ಟವರಿಗೆ ಕೇಳಿಸುವುದೇ ಇಲ್ಲ. ನಿಮ್ಮ ಕಡ್ಡಿ ತುಂಬುತ್ತದೆ, ಊರಿನ ಕಾಲ್ ಕಟ್ಟಾಗುತ್ತದೆ.

ಒಂದು ತೋಟದ ಯಜಮಾನರು ವಯಸ್ಸಾದ ಅಮ್ಮ ಮಗಳ ಹತ್ತಿರ ಮಾತಾಡಲಿ ಅಂತ ಬೂಸ್ಟರ್ ಹಾಕಿಸಿದ್ದರು. ಅದರಿಂದ ಗುಡ್ಡದ ಆಚೆಯ ಲೈನ್ ಮನೆಯವರಿಗೆ, ಅಂದರೆ ತೋಟದ ಕೆಲಸಗಾರರಿಗೆ, ಆಂಬುಲೆನ್ಸಿಗೆ ಫೋನ್ ಹೋಗುತ್ತಿರಲಿಲ್ಲ. ಸ್ವಿಚ್ ಆಫ್ ಮಾಡಿ ತೋರಿಸಿದೆ. ಅವರೇ ಏಣಿ ಹಾಕಿ ಇಳಿಸಿದರು. ಯಾರಿಗೂ ಕೆಟ್ಟ ಮನಸ್ಸಿಲ್ಲ, ಅಂಗಡಿಯವರು ಹೇಳುವುದಿಲ್ಲ ಅಷ್ಟೇ. ಅನುಮತಿ ಇಲ್ಲದೆ ಹಾಕಿದರೆ ಅಪರಾಧ ಅನ್ನುವುದನ್ನೂ ಹೇಳುವುದಿಲ್ಲ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಕಾಲ್ ಟವರಿನ ಬದಲು ವೈಫೈ ಮೂಲಕ ಹೋಗುತ್ತದೆ. ಇಲ್ಲದಿದ್ದರೆ ಸಿಮ್ ಹಾಕುವ ರೂಟರ್ ತಂದು, ಅದರ ಆಂಟೆನಾವನ್ನು ಮಾಡಿನ ಮೇಲೆ ಕಟ್ಟಿಸಿ. ಅದು ಫೋನಿನ ಹಾಗೇ ಟವರಿನ ಮಾತು ಕೇಳುತ್ತದೆ. ಗುಡ್ಡ ಅಡ್ಡ ಇದ್ದರೆ ಎಷ್ಟು ಸಿಗಬಹುದು ಅಂತ ಜಾಗ ನೋಡದೆ ಹೇಳಲಾರೆ. ಇನ್ನು ಶನಿವಾರದ ನೂಕುನುಗ್ಗಲು ಇದರಿಂದ ಪೂರ್ತಿ ತಪ್ಪುವುದಿಲ್ಲ. ಅದಕ್ಕೆ ಕಂಪನಿಯವರೇ ಹೊಸ ಬ್ಯಾಂಡ್ ಸೇರಿಸಬೇಕು. ಅಕ್ಕಪಕ್ಕದವರೆಲ್ಲ ಸೇರಿ, ಯಾವ ದಿನ, ಯಾವ ಹೊತ್ತು, ಎಲ್ಲಿ ಅಂತ ಬರೆದು ದೂರು ಕೊಡಿ.