ಬಡ್ತಿಯ ಜತೆಗೇ ಬರುವ ವರ್ಗಾವಣೆ

ಹುಬ್ಬಳ್ಳಿ-ಧಾರವಾಡದ ಬ್ಯಾಂಕುಗಳಲ್ಲಿ ಕೌಂಟರಿನಲ್ಲಿ ಕಾಣುವಷ್ಟು ಮಹಿಳೆಯರು ವ್ಯವಸ್ಥಾಪಕರ ಕೊಠಡಿಯಲ್ಲಿ ಕಾಣುವುದಿಲ್ಲ. ಮೀಸಲಾತಿ, ಹೆರಿಗೆ ರಜೆ, ಸುರಕ್ಷತೆ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡಿರುವ ಮಹಿಳಾ ಉದ್ಯೋಗದ ಚರ್ಚೆಯಲ್ಲಿ ಈ ಅಂತರದ ಮೂಲವಾದ ವರ್ಗಾವಣೆಯ ಪ್ರಶ್ನೆ ಮರೆಯಾಗಿದೆ.

ಮೊದಲ ಹೋರಾಟ ಕೆಲಸಕ್ಕೆ ಸೇರುವುದಕ್ಕಾಗಿಯೇ ನಡೆಯಿತು. ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ, ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂದಿದ್ದ ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತನ್ನು ಪ್ರಶ್ನಿಸಿ 1974ರಲ್ಲಿ ಸಮೂಹದ ಮುಖ್ಯಸ್ಥ ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದದ್ದು ಈ ಭಾಗದಲ್ಲಿ ಬಹಳ ಜನರಿಗೆ ಗೊತ್ತು. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಮದುವೆಗೆ ಸರ್ಕಾರದ ಅನುಮತಿ ಬೇಕೆಂಬ ವಿದೇಶಾಂಗ ಸೇವೆಯ ನಿಯಮದ ವಿರುದ್ಧ ಕೊಡಗಿನ ಸಿ.ಬಿ. ಮುತ್ತಮ್ಮ ಹೂಡಿದ್ದ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು.

1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಶಾಖೆಗಳು ಹೆಚ್ಚಿದಂತೆ, ಪರೀಕ್ಷೆ ಬರೆದು ಗುಮಾಸ್ತೆಯರಾಗಿ ಸೇರಿದ ಪದವೀಧರೆಯರ ಸಂಖ್ಯೆಯೂ ಬೆಳೆಯಿತು. ತೊಡಕು ಎದುರಾದದ್ದು ಅಧಿಕಾರಿ ಹುದ್ದೆಯ ಬಡ್ತಿಯಲ್ಲಿ. ಧಾರವಾಡದಲ್ಲಿ ಮನೆ, ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ಅತ್ತೆ-ಮಾವ ಇರುವಾಗ ರೋಣಕ್ಕೋ ಪರರಾಜ್ಯಕ್ಕೋ ವರ್ಗವಾಗುವ ಆದೇಶವೂ ಬಡ್ತಿಯ ಜತೆಗೇ ಬರುತ್ತಿತ್ತು. ‘ಪ್ರಮೋಶನ್ ತಗೊಂಡ್ರ ಎಲ್ಲಿ ಒಗಿತಾರೋ ಏನೋ’ ಎಂಬ ಅಳುಕಿನಲ್ಲಿ ಬೇಡವೆಂದು ಬರೆದುಕೊಟ್ಟವರು ಅನೇಕರು. ಹಾಗೆ ನಿರಾಕರಿಸಿದವರು ಹಲವೆಡೆ ಕೆಲಕಾಲ ಮುಂದಿನ ಅವಕಾಶದಿಂದಲೂ ಹೊರಗುಳಿಯಬೇಕಿತ್ತು. ಒಪ್ಪಿಕೊಂಡವರ ಕಷ್ಟ ಇನ್ನೊಂದು ಬಗೆಯದು. ಸಣ್ಣ ಶಾಖೆಯಲ್ಲಿ ತಿಜೋರಿಯ ಎರಡು ಕೀಲಿಗಳು ಇಬ್ಬರ ಬಳಿ ಇರುವುದರಿಂದ, ನಗದು ಲೆಕ್ಕ ಹೊಂದುವ ತನಕ ಅವರು ಏಳುವಂತಿರಲಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಹೊರಟುಹೋಗಿರುತ್ತಿತ್ತು. ಇದನ್ನು ಮಹಿಳೆಯರ ನಿರಾಸಕ್ತಿ ಎಂದು ಕರೆದದ್ದು ನ್ಯಾಯವಲ್ಲ.

2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದರು. ಮರುವರ್ಷ ಕೇಂದ್ರ ಹಣಕಾಸು ಸಚಿವಾಲಯ, ವಿವಾಹಿತೆಯರನ್ನು ಪತಿಯಿರುವ ಊರಿಗೆ, ಅವಿವಾಹಿತೆಯರನ್ನು ಪೋಷಕರಿರುವ ಊರಿಗೆ ಆದಷ್ಟು ಹತ್ತಿರದಲ್ಲಿ ನಿಯೋಜಿಸುವಂತೆ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿತು. 2017ರಲ್ಲಿ ಕಾಯ್ದೆಯ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅದೇ ತಿದ್ದುಪಡಿಯ ಶಿಶುಪಾಲನಾ ಕೇಂದ್ರದ ನಿಯಮ 50 ಅಥವಾ ಹೆಚ್ಚು ನೌಕರರಿರುವ ಕಡೆಗೆ ಮಾತ್ರ ಅನ್ವಯಿಸುವುದರಿಂದ ಹತ್ತು ಜನರ ಶಾಖೆಗೆ ಅದು ಸುಲಭವಾಗಿ ದಕ್ಕುವುದಿಲ್ಲ.

ಮೇಲಿನ ಶ್ರೇಣಿಗೆ ಗ್ರಾಮೀಣ ಸೇವೆ ಮತ್ತು ಶಾಖೆ ನಡೆಸಿದ ಅನುಭವ ಇಂದಿಗೂ ಮುಖ್ಯ. ರೈತರಿಗೆ ಸಾಲ ಕೊಡುವವರಿಗೆ ಹಳ್ಳಿಯ ಅನುಭವ ಇರಲೇಬೇಕು. ಆದರೆ ಮಕ್ಕಳು ಚಿಕ್ಕವರಿರುವ ವರ್ಷಗಳಲ್ಲೇ ಅದನ್ನು ಮುಗಿಸಬೇಕಾದ ಸ್ಥಿತಿ ಇರಬೇಕಿಲ್ಲ. ಆ ಸೇವೆಯನ್ನು ನಲವತ್ತೈದರ ನಂತರವೂ ಮಾಡಲು ಅವಕಾಶ ಕೊಡಬಹುದು. ಒಮ್ಮೆ ಬಡ್ತಿ ಬೇಡವೆಂದವರನ್ನು ಮರುವರ್ಷವೇ ಮತ್ತೆ ಪರಿಗಣಿಸಬಹುದು.